ಮಗಳಿಗೆ ‘ರವಿ’ ಅಂತ ಹೆಸರಿಡಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು. ಎರಡು ತಿಂಗಳ ಹಿಂದೆ ನನಗೆ ಮಗಳು ಹುಟ್ಟಿದಳು. ನಾನು ಬಸುರಿಯಾಗಿದ್ದಾಗಲೇ ನನ್ನ ಅಪ್ಪ ತೀರಿಕೊಂಡರು. ಅವರ ಹೆಸರು ರವೀಂದ್ರ, ಎಲ್ಲರೂ ಕರೆಯುತ್ತಿದ್ದದ್ದು ರವಿ ಅಂತ. ಮಗಳಿಗೆ ‘ರವಿ’ ಅಂತಲೇ ಇಡಬೇಕು ಅನ್ನೋದು ನನ್ನ ಆಸೆ. ಗಂಡ ಒಪ್ಪಿದ್ದಾರೆ. ಅತ್ತೆ ಮಾತ್ರ ಬೇಡ ಅನ್ನುತ್ತಾರೆ. ‘ಹೆಣ್ಣು ಮಗುವಿಗೆ ಗಂಡು ಹೆಸರು ನಮ್ಮಲ್ಲಿ ಇಲ್ಲ, ಶಾಸ್ತ್ರಕ್ಕೂ ವಿರುದ್ಧ, ನಾಳೆ ಮದುವೆ ಹೊತ್ತಿಗೆ ತೊಂದರೆ ಆಗುತ್ತೆ, ಬೇಕಿದ್ದರೆ ರವಿಕಲಾ ಅಂತ ಇಡು’ ಅನ್ನೋದು ಅವರ ಮಾತು. ಮುಂದಿನ ವರ್ಷ ಗಂಡನ ಕೆಲಸದ ಮೇಲೆ ಜರ್ಮನಿಗೆ ಹೋಗೋದಿದೆ, ಅಲ್ಲಿ ಇಂಥ ಹೆಸರಿಗೆ ಒಪ್ಪಲ್ಲ ಅಂತಲೂ ಯಾರೋ ಹೆದರಿಸಿದ್ದಾರೆ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಏನು ಮಾಡಲಿ?

ಉತ್ತರ: ಅಪ್ಪ ಹೋದ ದುಃಖ, ಮಗಳು ಬಂದ ಸಂತೋಷ ಎರಡನ್ನೂ ಕೆಲವೇ ತಿಂಗಳಲ್ಲಿ ಕಂಡಿದ್ದೀರಿ. ಈ ಹೆಸರಿನ ಮೇಲೆ ನಿಮಗೆ ಯಾಕೆ ಇಷ್ಟು ಜೀವ ಅನ್ನೋದು ಅರ್ಥವಾಗುತ್ತದೆ. ನೇರವಾಗಿ ಹೇಳಿಬಿಡುತ್ತೇನೆ, ಇಡಬಹುದು. ಕಾನೂನಿನ ಅಡ್ಡಿ ಇಲ್ಲ, ಕನ್ನಡದ ಬಾಯಿಗೆ ಚೆನ್ನಾಗಿ ಒಗ್ಗುತ್ತದೆ, ನಮ್ಮ ಹಿರಿಯರ ರೂಢಿಗೂ ಇದು ದೂರದ್ದಲ್ಲ. ಒಬ್ಬರ ಒಪ್ಪಿಗೆಯನ್ನು ಮಾತ್ರ ನೀವು ಕೇಳಲೇಬೇಕು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ‘ನಮ್ಮಲ್ಲಿ ಇಲ್ಲ’ ಅನ್ನೋ ಮಾತು. ಅತ್ತೆಯವರ ಜೊತೆ ಒಂದು ಸಂಜೆ ಕೂತು ಅವರ ಅಮ್ಮ, ಅಜ್ಜಿ, ದೊಡ್ಡಮ್ಮ, ಓಣಿಯ ಹಿರಿಯ ಹೆಂಗಸರು ಇವರೆಲ್ಲರ ಹೆಸರು ಕೇಳಿ ನೋಡಿ. ತಿಮ್ಮಕ್ಕ, ನರಸಮ್ಮ, ನಂಜಮ್ಮ, ಬಸಮ್ಮ, ಮಲ್ಲಮ್ಮ, ರಂಗಮ್ಮ, ಈರಮ್ಮ, ಹನುಮಕ್ಕ, ನಿಂಗವ್ವ ಇಂಥವೇ ಬರುತ್ತವೆ. ಇವೆಲ್ಲ ಗಂಡು ದೇವರ ಹೆಸರುಗಳು. ತಿಮ್ಮಕ್ಕನ ಹೆಸರಲ್ಲಿ ಇರುವವನು ತಿರುಪತಿ ತಿಮ್ಮಪ್ಪ. ನರಸಮ್ಮನಲ್ಲಿ ನರಸಿಂಹ, ನಂಜಮ್ಮನಲ್ಲಿ ನಂಜನಗೂಡಿನ ನಂಜುಂಡ, ಮಲ್ಲಮ್ಮನಲ್ಲಿ ಶ್ರೀಶೈಲದ ಮಲ್ಲಯ್ಯ. ಬಸವ ಅಂದರೆ ಹೋರಿ. ಹನುಮಂತನಂತೂ ಬ್ರಹ್ಮಚಾರಿ. ಆದರೂ ಹೆಣ್ಣು ಮಗು ಹುಟ್ಟಿದಾಗ ಹನುಮಕ್ಕ ಅಂತ ಕರೆಯೋಕೆ ಯಾರೂ ಹಿಂದೆ ಮುಂದೆ ನೋಡಲಿಲ್ಲ. ನಿಮ್ಮ ಪಕ್ಕದ ಚಿತ್ರದುರ್ಗದ ಓಬವ್ವನ ಹೆಸರು ಬಂದದ್ದು ಅಹೋಬಲದ ನರಸಿಂಹನಿಂದ, ಓಬಯ್ಯ, ಓಬಳೇಶ ಅನ್ನೋ ಗಂಡು ಹೆಸರುಗಳೂ ಅಲ್ಲಿಂದಲೇ. 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮ, ಅದರ ಮರುವರ್ಷ ಪಡೆದ ಸಾಲುಮರದ ತಿಮ್ಮಕ್ಕ, ಇವರನ್ನು ನೆನೆಯುವಾಗ ಅವರದು ಗಂಡು ಹೆಸರು ಅಂತ ಯಾರಿಗಾದರೂ ಅನ್ನಿಸಿದೆಯಾ? ಇನ್ನೂ ಹಿಂದೆ ಹೋದರೆ 12ನೇ ಶತಮಾನದ ವಚನಕಾರ್ತಿ ಅಮುಗೆ ರಾಯಮ್ಮ ಇದ್ದಾರೆ. ರಾಯ ಅಂದರೆ ಅರಸ.

ಇದರ ತಿರುವು ಮುರುವು ಕೂಡ ನಮ್ಮಲ್ಲಿ ಧಾರಾಳವಾಗಿ ನಡೆದಿದೆ. ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತು ಹುಟ್ಟಿದ ಗಂಡು ಮಗ ಎಲ್ಲಪ್ಪ. ಹುಲಿಗೆಮ್ಮನ ಒಕ್ಕಲಿನವನು ಹುಲಿಗೆಪ್ಪ. ದ್ಯಾಮವ್ವನಿಂದ ದ್ಯಾಮಪ್ಪ, ಮಾರಮ್ಮನಿಂದ ಮಾರಪ್ಪ. ನಿಮ್ಮ ದಾವಣಗೆರೆಯ ದೇವತೆ ದುಗ್ಗಮ್ಮನ ಹೆಸರು ಹೊತ್ತ ದುರ್ಗಪ್ಪ, ದುಗ್ಗಪ್ಪಂದಿರು ಆ ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಹೆಣ್ಣು ದೇವರ ಹೆಸರು ಹೊತ್ತಿದ್ದಕ್ಕೆ ಅವರ ಮೀಸೆಗೆ ಏನೂ ಆಗಲಿಲ್ಲ. ಈ ಭಾಗ ನನಗೆ ತುಂಬ ಇಷ್ಟ, ಯಾಕಂದರೆ ಬೇರೆ ಎಷ್ಟೋ ಕಡೆ ಹೆಣ್ಣಿಗೆ ಗಂಡು ಹೆಸರು ಕೊಡುತ್ತಾರೆಯೇ ಹೊರತು ಗಂಡಿಗೆ ಹೆಣ್ಣು ಹೆಸರು ಕೊಡಲ್ಲ. ಅಮೆರಿಕದಲ್ಲಿ ಆಶ್ಲಿ, ಲೆಸ್ಲಿ ಇವೆಲ್ಲ ಒಂದು ಕಾಲಕ್ಕೆ ಗಂಡಸರ ಹೆಸರು. ಹುಡುಗಿಯರಿಗೆ ಇಡೋದು ಜಾಸ್ತಿ ಆದ ಹಾಗೆ ಗಂಡು ಮಕ್ಕಳ ತಂದೆತಾಯಿ ಆ ಹೆಸರನ್ನೇ ಬಿಟ್ಟುಬಿಟ್ಟರು. ನಮ್ಮ ಹಳ್ಳಿಗಳಲ್ಲಿ ಹಾಗಾಗಲಿಲ್ಲ. ಎಲ್ಲಮ್ಮನೂ ಇದ್ದಳು, ಎಲ್ಲಪ್ಪನೂ ಇದ್ದ.

ಅಂದರೆ ಕನ್ನಡದ ಹಳೆಯ ಹೆಸರುಗಳಲ್ಲಿ ಬುಡಕ್ಕೆ ಗಂಡು ಹೆಣ್ಣು ಅನ್ನೋ ಗೊಡವೆ ಇರಲಿಲ್ಲ. ಅಪ್ಪ, ಅಯ್ಯ, ಅಣ್ಣ ಅಂತ ಸೇರಿಸಿದರೆ ಗಂಡು. ಅಮ್ಮ, ಅವ್ವ, ಅಕ್ಕ ಅಂತ ಸೇರಿಸಿದರೆ ಹೆಣ್ಣು. ಆಮೇಲೆ ಆ ಬಾಲಗಳು ಹಳ್ಳಿಯವು, ಹಳೇ ಕಾಲದವು ಅನ್ನಿಸತೊಡಗಿದವು. ಪೇಟೆ ಬೆಳೆದ ಹಾಗೆ, ಶಾಲೆ ಕಚೇರಿ ಸೇರಿದ ಹಾಗೆ, ಜನ ಅವನ್ನು ಕತ್ತರಿಸಿದರು. ಬಸಪ್ಪನ ಮಗ ಬಸವರಾಜ ಆದ, ಅವನ ಮಗ ಸುರೇಶ, ಮಗಳು ಸುಜಾತಾ. ಬಾಲ ಹೋದ ಮೇಲೆ ಗಂಡು ಹೆಣ್ಣು ಹೇಳುವ ಕೆಲಸ ಪೂರ್ತಿ ಹೆಸರಿನ ಮೇಲೇ ಬಿತ್ತು. ಅತ್ತೆಯವರಿಗೆ ‘ರವಿ’ ಗಂಡು ಹೆಸರಾಗಿ ಮಾತ್ರ ಕೇಳಿಸೋದು ಅದಕ್ಕೇ. ಅವರು ಸೂಚಿಸಿದ ರವಿಕಲಾ ಹಳೆಯ ದಾರಿಯದೇ ಹೆಸರು, ಅಮ್ಮ ಅನ್ನೋ ಜಾಗದಲ್ಲಿ ಕಲಾ ಬಂದಿದೆ, ಅಷ್ಟೇ. ಆ ಹೆಸರನ್ನು ನಾನು ತಳ್ಳಿಹಾಕಲ್ಲ. ಅವರು ನಿಮ್ಮ ಅಪ್ಪನ ನೆನಪನ್ನು ಬೇಡ ಅಂದಿಲ್ಲ ಅನ್ನೋದನ್ನು ಗಮನಿಸಿ, ಅದು ದೊಡ್ಡ ಮಾತು. ಆದರೆ ಒಂದು ಸಂಗತಿ ಇದೆ. ನಮ್ಮ ಮನೆಗಳಲ್ಲಿ ಉದ್ದನೆಯ ಹೆಸರು ಉಳಿಯಲ್ಲ. ಚಂದ್ರಕಲಾ ಅನ್ನುವವಳು ಕಲಾ ಆಗುತ್ತಾಳೆ, ವರಲಕ್ಷ್ಮಿ ಲಕ್ಷ್ಮಿ ಆಗುತ್ತಾಳೆ. ರವಿಕಲಾ ಅಂತ ಇಟ್ಟರೆ ಶಾಲೆ ಸೇರುವ ಹೊತ್ತಿಗೆ ಎಲ್ಲರ ಬಾಯಲ್ಲಿ ಕಲಾ ಉಳಿದು, ನೀವು ಯಾವುದಕ್ಕೆ ಆಸೆಪಟ್ಟಿರೋ ಆ ರವಿಯೇ ಬಿದ್ದು ಹೋಗಬಹುದು.

ಇನ್ನು ‘ರವಿ’ ಅನ್ನೋ ಹೆಸರಿನ ವಿಷಯ. ಹೆಣ್ಣು ಮಗುವಿಗೆ ಗಂಡು ಹೆಸರು ಇಡಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳೋದು, ಆ ಹೆಸರಿಗೆ ‘ಗೆ’, ‘ಇಂದ’ ಸೇರಿಸಿ ಹತ್ತು ಸಲ ಜೋರಾಗಿ ಹೇಳಿ ನೋಡಿ ಅಂತ. ಮಹೇಶ ಅಂತ ಇಟ್ಟರೆ ಕನ್ನಡ ತಾನಾಗಿಯೇ ಮಹೇಶನಿಗೆ, ಮಹೇಶನಿಂದ ಅನ್ನುತ್ತದೆ. ಆ ನಡುವಿನ ‘ನ’ ಗಂಡಿನದು. ಮಹೇಶಳಿಗೆ ಅಂತ ಯಾರ ಬಾಯಲ್ಲೂ ಬರಲ್ಲ. ಆ ಮಗು ಪ್ರತಿ ಮಾತಲ್ಲೂ ಗಂಡಾಗಿ ಹೋಗುತ್ತದೆ. ಇ, ಉ, ಎ ಇಂದ ಮುಗಿಯುವ ಹೆಸರಿಗೆ ಈ ತೊಡಕಿಲ್ಲ. ಗೌರಿಗೆ, ಗೌರಿಯ, ಗೌರಿಯಿಂದ. ರವಿಗೆ, ರವಿಯ, ರವಿಯಿಂದ. ಎರಡೂ ಒಂದೇ ಅಚ್ಚು. ‘ರವಿ ಬಂದಳು’ ಅಂದರೆ ಸಾಕು, ಕೇಳಿದವರಿಗೆ ಎಲ್ಲ ತಿಳಿಯಿತು. ಮಧು, ಶಶಿ, ಮಣಿ ಇವೆಲ್ಲ ಎರಡೂ ಕಡೆ ಸಲೀಸಾಗಿ ಓಡಾಡೋದಕ್ಕೆ ಇದೂ ಒಂದು ಕಾರಣ. ಕಿರಣ್, ಸುಮನ್ ಥರ ವ್ಯಂಜನದಲ್ಲಿ ನಿಲ್ಲುವ ಹೆಸರುಗಳೂ ಹಾಗೇ, ಕಿರಣ್‌ಗೆ ಅಂದರೆ ಯಾರಿಗೂ ಒಗ್ಗುತ್ತದೆ. ನಿಮ್ಮ ಅಪ್ಪನನ್ನು ಎಲ್ಲರೂ ಮಹೇಶ ಅಂತ ಕರೆಯುತ್ತಿದ್ದಿದ್ದರೆ ನನ್ನ ಉತ್ತರ ಇಷ್ಟು ಸುಲಭವಾಗಿ ಬರುತ್ತಿರಲಿಲ್ಲ.

ಅರ್ಥದ ಕಡೆಯಿಂದಲೂ ನೋಡಿ. ಸೂರ್ಯ ಗಂಡು ದೇವರು, ಹೆಣ್ಣಿಗೆ ಹೇಗೆ ಅನ್ನುವವರು ಇರುತ್ತಾರೆ. ಹಾಗಾದರೆ ಸವಿತಾ? ವೇದದ ಸವಿತೃ ಅನ್ನೋ ಸೂರ್ಯದೇವ ಗಂಡು, ಸಂಸ್ಕೃತದಲ್ಲಿ ಸವಿತಾ ಅನ್ನೋದು ಆ ಪುಲ್ಲಿಂಗ ಪದದ ರೂಪವೇ. ಕೊನೆಯಲ್ಲಿ ‘ಆ’ ಕೇಳಿಸುತ್ತೆ ಅಂತ ನಾವು ಅದನ್ನು ಹೆಣ್ಣು ಮಕ್ಕಳಿಗೆ ಕೊಟ್ಟೆವು, ಈಗ ಮನೆಗೊಬ್ಬಳು ಸವಿತಾ ಇದ್ದಾಳೆ. ಚಂದ್ರನೂ ನಮ್ಮ ಪುರಾಣಗಳಲ್ಲಿ ಗಂಡೇ, 27 ನಕ್ಷತ್ರಗಳ ಗಂಡ. ಆದರೂ ಧಾರವಾಡದಲ್ಲಿ ಹುಟ್ಟಿದ ಕಾದಂಬರಿಕಾರ್ತಿ ಶಶಿ ದೇಶಪಾಂಡೆಯವರ ಹೆಸರು ಯಾರಿಗೂ ವಿಚಿತ್ರ ಅನ್ನಿಸಿಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಶುರು ಮಾಡಿದ ಕಿರಣ್ ಮಜುಂದಾರ್ ಶಾ ಅವರ ಹೆಸರು ಕೂಡ ಅಷ್ಟೇ. ಶಶಿ, ಕಿರಣ್ ನಡೆದ ಮೇಲೆ ರವಿ ನಡೆಯಲ್ಲ ಅನ್ನೋಕೆ ಅಭ್ಯಾಸ ಇಲ್ಲ ಅನ್ನೋದು ಬಿಟ್ಟು ಬೇರೆ ಕಾರಣ ನನಗೆ ಕಾಣಲ್ಲ.

ಶಾಸ್ತ್ರದ ಮಾತಿಗೆ ಆಧಾರ ಇಲ್ಲ ಅಂತ ಹೇಳಲಾರೆ, ಇದೆ. ಹೆಣ್ಣಿನ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಮಂಗಳಕರವಾಗಿರಬೇಕು, ದೀರ್ಘ ಸ್ವರದಲ್ಲಿ ಮುಗಿಯಬೇಕು ಅಂತ ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿದೆ. ಗೃಹ್ಯಸೂತ್ರಗಳಲ್ಲಿ ಅಕ್ಷರಗಳ ಲೆಕ್ಕವೂ ಬರುತ್ತದೆ, ಗಂಡಿಗೆ ಸಮ ಸಂಖ್ಯೆ, ಹೆಣ್ಣಿಗೆ ಬೆಸ. ಆದರೆ ತಿಮ್ಮಕ್ಕ, ಬಸಮ್ಮ ಯಾವುದೂ ದೀರ್ಘದಲ್ಲಿ ಮುಗಿಯಲ್ಲ. ಸೀತಾ, ಗೀತಾ, ಉಷಾ ಎಲ್ಲ ಎರಡೇ ಅಕ್ಷರ. ಯಾವ ಪುರೋಹಿತರೂ ಅದಕ್ಕೆ ತೊಟ್ಟಿಲು ಶಾಸ್ತ್ರ ನಿಲ್ಲಿಸಿಲ್ಲ. ಅತ್ತೆಯವರ ಮನಸ್ಸಿಗೆ ಸಮಾಧಾನ ಬೇಕಿದ್ದರೆ ದಾರಿ ಇದ್ದೇ ಇದೆ. ನಕ್ಷತ್ರದ ಅಕ್ಷರಕ್ಕೆ ಒಂದು ಜನ್ಮನಾಮ ಇಟ್ಟು, ವ್ಯವಹಾರಕ್ಕೆ ಬೇರೆ ಹೆಸರು ಇಡೋದು ಎಷ್ಟೋ ಮನೆಗಳಲ್ಲಿ ಇರುವ ಪದ್ಧತಿ. ಆ ಜನ್ಮನಾಮವನ್ನು ಅತ್ತೆಯವರೇ ಆರಿಸಲಿ. ತೊಟ್ಟಿಲಲ್ಲಿ ಮೂರು ಹೆಸರು ಕರೆದರೂ ಮಗುವಿಗೆ ಭಾರ ಆಗಲ್ಲ.

ಈಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಹೆಣ್ಣು ಮಗುವಿಗೆ ಗಂಡು ಹೆಸರು ಇಡೋದಕ್ಕೆ ಬೇರೆ ಬೇರೆ ಕಾರಣಗಳಿರುತ್ತವೆ, ಎಲ್ಲವೂ ಒಳ್ಳೆಯವಲ್ಲ. ಗಂಡು ಮಗು ಬೇಕಿತ್ತು, ಹೆಣ್ಣಾಯಿತು, ಹೆಸರಲ್ಲಾದರೂ ಗಂಡಿರಲಿ ಅನ್ನುವವರಿದ್ದಾರೆ. ಮುಂದಿನದು ಗಂಡಾಗಲಿ ಅಂತ ಹೆಸರನ್ನು ಹರಕೆಯ ಥರ ಬಳಸುವವರೂ ಇದ್ದಾರೆ. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಸಾತಾರಾ ಅನ್ನೋ ಜಿಲ್ಲೆ ಇದೆ. ಅಲ್ಲಿ ‘ನಕುಸಾ’, ಅಂದರೆ ಬೇಡವಾದವಳು, ಅಂತಲೇ ಹೆಸರು ಹೊತ್ತು ಬೆಳೆದ 285 ಹುಡುಗಿಯರಿಗೆ 2011ರಲ್ಲಿ ಜಿಲ್ಲಾಡಳಿತ ಹೊಸ ಹೆಸರು ಕೊಟ್ಟಿತು. ದಿನಾ ಶಾಲೆಯ ಹಾಜರಿಯಲ್ಲಿ ‘ಬೇಡವಾದವಳು’ ಅಂತ ಕರೆಸಿಕೊಂಡ ಆ ಮಕ್ಕಳನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಹೆಸರಿನ ಹಿಂದಿನ ಮನಸ್ಸು ಮಗುವಿಗೆ ಗೊತ್ತಾಗಿಯೇ ಆಗುತ್ತದೆ, ಮನೆಯಲ್ಲಿ ಯಾರಾದರೊಬ್ಬರು ಒಂದು ದಿನ ಹೇಳಿಯೇ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ ಅಂತ ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ನೀವು ಬಯಸಿದ್ದು ಅಪ್ಪನ ಹೆಸರನ್ನು, ಗಂಡು ಮಗುವನ್ನಲ್ಲ. ಈ ಮಾತನ್ನು ಅತ್ತೆಯವರಿಗೂ ಬಾಯಿಬಿಟ್ಟು ಹೇಳಿ. ಅವರಿಗೆ ಒಳಗೊಳಗೇ ಈ ಅನುಮಾನ ಇದ್ದರೂ ಇರಬಹುದು.

ಗಂಡು ಹೆಸರಿಟ್ಟರೆ ಹುಡುಗಿ ಗಟ್ಟಿಯಾಗುತ್ತಾಳೆ, ಧೈರ್ಯ ಬರುತ್ತೆ ಅನ್ನೋ ಮಾತೂ ಈಗೀಗ ಜಾಸ್ತಿ ಕೇಳಿಬರುತ್ತಿದೆ. ಅದನ್ನು ನಾನು ಒಪ್ಪಲ್ಲ. ಹಾಗಂದರೆ ಸೀತಾ, ಲಕ್ಷ್ಮಿ ಅನ್ನೋ ಹೆಸರಿನವರು ಮೆತ್ತಗಿನವರು ಅಂದ ಹಾಗಾಯಿತು. ಪಂಜಾಬಿನಲ್ಲಿ ಸಿಖ್ಖರ ಹೆಸರುಗಳು ಬಹುಪಾಲು ಗಂಡಿಗೂ ಹೆಣ್ಣಿಗೂ ಒಂದೇ. ನಮ್ಮ ಮಹಿಳಾ ಕ್ರಿಕೆಟ್ ತಂಡಕ್ಕೆ 2025ರಲ್ಲಿ ವಿಶ್ವಕಪ್ ಗೆದ್ದುಕೊಟ್ಟ ನಾಯಕಿ ಹರ್ಮನ್‌ಪ್ರೀತ್ ಕೌರ್, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಪುರುಷರ ಹಾಕಿ ತಂಡದ ನಾಯಕ ಹರ್ಮನ್‌ಪ್ರೀತ್ ಸಿಂಗ್. ಹೆಸರು ಯಾರಿಗೂ ಹೆಚ್ಚು ಕೊಡಲಿಲ್ಲ, ಯಾರಿಂದಲೂ ಕಿತ್ತುಕೊಳ್ಳಲಿಲ್ಲ. ಮಗಳು ಧೈರ್ಯವಂತೆ ಆಗೋದು ನೀವು ಬೆಳೆಸುವ ರೀತಿಯಿಂದ.

ಈಗ ಒಪ್ಪಿಗೆಯ ವಿಷಯಕ್ಕೆ ಬರುತ್ತೇನೆ. ನಾನು ಹೇಳುತ್ತಿರೋದು ನಿಮ್ಮ ಅಮ್ಮನ ಬಗ್ಗೆ. ಅವರ ಬಗ್ಗೆ ನೀವು ಏನೂ ಬರೆದಿಲ್ಲ. ಅವರು ಇದ್ದಾರೆ ಅಂದರೆ, ಈ ಹೆಸರು ಎಲ್ಲರಿಗಿಂತ ಹೆಚ್ಚು ತಟ್ಟೋದು ಅವರಿಗೆ. ನಮ್ಮಲ್ಲಿ ಆ ತಲೆಮಾರಿನ ಎಷ್ಟೋ ಹೆಂಗಸರು ಗಂಡನ ಹೆಸರು ಹೇಳಲ್ಲ. ಕಚೇರಿಯಲ್ಲಿ ಕೇಳಿದರೆ ಪಕ್ಕದಲ್ಲಿದ್ದ ಮಕ್ಕಳ ಮುಖ ನೋಡುತ್ತಾರೆ. ಮಾವನ ಹೆಸರಿಟ್ಟ ತಮ್ಮ ಮಗನನ್ನು ಆ ಹೆಸರಿನಿಂದ ಕರೆಯೋಕಾಗದೆ ಅಪ್ಪಾಜಿ, ಅಣ್ಣಯ್ಯ ಅಂತ ಕರೆಯುವ ಸೊಸೆಯಂದಿರು ಎಷ್ಟೋ ಮನೆಗಳಲ್ಲಿದ್ದಾರೆ. ನಿಮ್ಮ ಅಮ್ಮ ಮೊಮ್ಮಗಳನ್ನು ‘ರವೀ’ ಅಂತ ಕೂಗಬಲ್ಲರಾ? ಮಗು ಹಾಲು ಚೆಲ್ಲಿದಾಗ ಆ ಹೆಸರು ಹಿಡಿದು ಗದರಬಲ್ಲರಾ? ಗಂಡ ಹೋಗಿ ಇನ್ನೂ ವರ್ಷ ತುಂಬಿಲ್ಲ. ಕೆಲವರಿಗೆ ಆ ಹೆಸರು ಮತ್ತೆ ಮನೆಯಲ್ಲಿ ಕೇಳಿಸೋದೇ ದೊಡ್ಡ ಸಮಾಧಾನ. ಇನ್ನು ಕೆಲವರಿಗೆ ಪ್ರತಿ ಸಲವೂ ಎದೆ ಝಲ್ಲೆನ್ನುತ್ತದೆ, ಆದರೆ ಮಗಳ ಆಸೆಗೆ ಅಡ್ಡ ಬರಬಾರದು ಅಂತ ಬಾಯಿ ಬಿಡಲ್ಲ. ಹಾಗಾಗಿ ಎಲ್ಲರ ಎದುರು ಕೇಳಬೇಡಿ. ಅವರೊಬ್ಬರೇ ಇದ್ದಾಗ ಕೇಳಿ, ಉತ್ತರಕ್ಕೆ ಅವಸರ ಮಾಡಬೇಡಿ. ಅವರು ‘ಇಡು, ಆದರೆ ನಾನು ಮಾತ್ರ ಪುಟ್ಟಿ ಅಂತೀನಿ’ ಅಂದರೆ ಅದೂ ಒಪ್ಪಿಗೆಯೇ. ಬೇಡ ಅಂದರೆ, ನನ್ನ ಅಭಿಪ್ರಾಯದಲ್ಲಿ, ಅತ್ತೆಯವರ ‘ಬೇಡ’ಕ್ಕಿಂತ ಅಮ್ಮನ ‘ಬೇಡ’ಕ್ಕೆ ನೀವು ಜಾಸ್ತಿ ಬೆಲೆ ಕೊಡಬೇಕು. ಆಗ ರವಿಕಲಾ ಬಗ್ಗೆ ಮತ್ತೆ ಯೋಚಿಸಿ, ಇಲ್ಲವೇ ಸವಿತಾ ಅಂತ ಇಡಿ, ಅದೂ ಅದೇ ಸೂರ್ಯನ ಹೆಸರು.

ಮಗಳಿಗೆ ಮುಂದೆ ಏನೇನು ತೊಂದರೆ ಬರಬಹುದು ಅನ್ನೋದನ್ನೂ ಮುಚ್ಚಿಡಲ್ಲ. ಹೊಸ ಮೇಷ್ಟ್ರು ಹಾಜರಿ ಕರೆದು ಹುಡುಗರ ಬೆಂಚಿನ ಕಡೆ ನೋಡುತ್ತಾರೆ. ಬೇರೆಯವರು ರೈಲು ಟಿಕೆಟ್ ತೆಗೆಯುವಾಗ ಹೆಸರು ನೋಡಿ ಪುರುಷ ಅಂತ ಒತ್ತಿಬಿಡುತ್ತಾರೆ. ಹಾಸ್ಟೆಲ್ ಪಟ್ಟಿ, ಹಾಲ್ ಟಿಕೆಟ್, ವಿಮಾನದ ಟಿಕೆಟ್ ಎಲ್ಲದರಲ್ಲೂ ಲಿಂಗದ ಕಾಲಂ ಬೇರೆಯೇ ಇರುತ್ತದೆ, ಅದನ್ನು ಪ್ರತಿ ಸಲ ಕಣ್ಣಿಟ್ಟು ನೋಡೋ ಅಭ್ಯಾಸ ನಿಮಗೆ, ಆಮೇಲೆ ಅವಳಿಗೆ ಬರಬೇಕು. ಮಕ್ಕಳು ಕೀಟಲೆ ಮಾಡುತ್ತಾರೆ. ‘ಇದು ನಮ್ಮ ತಾತನ ಹೆಸರು’ ಅನ್ನೋ ಒಂದು ಮಾತು ಬಾಯಲ್ಲಿದ್ದರೆ ಹೆಚ್ಚಿನ ಕೀಟಲೆ ಅಲ್ಲಿಗೇ ನಿಲ್ಲುತ್ತದೆ. ತಾತನ ಕತೆಗಳನ್ನು ಚಿಕ್ಕಂದಿನಿಂದಲೇ ಹೇಳಿ, ಅವರು ಯಾವ ಕೆಲಸದಲ್ಲಿದ್ದರು, ಏನು ಇಷ್ಟಪಡುತ್ತಿದ್ದರು, ಯಾಕೆ ನಿಮಗೆ ಅವರು ಅಷ್ಟು ಬೇಕಾಗಿದ್ದರು ಅಂತ. ಅವಳಿಗೆ ಬುದ್ಧಿ ಬಂದ ಮೇಲೆ ಹೆಸರು ಹಿಡಿಸಲಿಲ್ಲ ಅಂದರೆ ಬದಲಾಯಿಸುವ ಹಕ್ಕು ಅವಳದು. ಆದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು ಬಂದ ಮೇಲೆ ಅಫಿಡವಿಟ್, ಪತ್ರಿಕಾ ಪ್ರಕಟಣೆ, ಗೆಜೆಟ್ ಅಂತ ಓಡಾಟ ಜಾಸ್ತಿ. ಅದಕ್ಕೇ ಒಂಬತ್ತನೇ ತರಗತಿ ಹೊತ್ತಿಗೆ ಒಮ್ಮೆ ಅವಳನ್ನೇ ಕೇಳಿಬಿಡಿ.

ಮದುವೆಯ ಚಿಂತೆಗೆ ಎರಡು ತಿಂಗಳ ಮಗುವಿನ ವಯಸ್ಸು ಇನ್ನೂ ಬಹಳ ದೂರ. ಲಗ್ನಪತ್ರಿಕೆಯಲ್ಲಿ ವರನಿಗೆ ಚಿ. ರಾ., ವಧುವಿಗೆ ಚಿ. ಕುಂ. ಸೌ. ಅಂತ ಹಾಕೋ ಪದ್ಧತಿ ಇದೆ, ಚಿ. ಕುಂ. ಸೌ. ರವಿ ಅಂತ ಓದಿದರೆ ಯಾರಿಗೂ ಗೊಂದಲ ಆಗಲ್ಲ.

ಕಡತದ ವಿಷಯಕ್ಕೆ ಬಂದರೆ, ಹೆಣ್ಣಿಗೆ ಇಂಥ ಹೆಸರೇ ಇರಬೇಕು ಅನ್ನೋ ಕಾನೂನು ಭಾರತದಲ್ಲಿ ಇಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರಿಲ್ಲದೆ ಜನನ ನೋಂದಣಿ ಮಾಡಿ, ಆಮೇಲೆ ಹೆಸರು ಸೇರಿಸೋಕೆ ಅವಕಾಶ ಇದೆ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಹೋದರೆ ಶುಲ್ಕ ಇಲ್ಲ. ಆಮೇಲೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು, ಆದರೆ ಅಷ್ಟು ಎಳೆಯಬೇಡಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಹುಟ್ಟಿದ ದಿನ, ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಬಂದ ಹೆಸರಿನ ಕಾಗುಣಿತವೇ ಮುಂದೆ ಎಲ್ಲ ಕಡೆ ಹೋಗುತ್ತದೆ.

ಜರ್ಮನಿಯ ಹೆದರಿಕೆ ಹಳೆಯದು. ಹೆಸರಿನಿಂದ ಮಗು ಗಂಡೋ ಹೆಣ್ಣೋ ತಿಳಿಯಬೇಕು, ತಿಳಿಯದಿದ್ದರೆ ತಿಳಿಯುವಂಥ ಇನ್ನೊಂದು ಹೆಸರು ಸೇರಿಸಿ ಅಂತ ಅಲ್ಲಿನ ನೋಂದಣಿ ಕಚೇರಿಗಳು ಕೇಳುತ್ತಿದ್ದದ್ದು ನಿಜ. ಅದನ್ನು ಮುರಿದದ್ದು ನಮ್ಮದೇ ಒಂದು ಹೆಸರು. ಮಗಳಿಗೆ ಕಿರಣ್ ಅಂತ ಇಟ್ಟ ತಂದೆತಾಯಿಗೆ ಕಚೇರಿ ಒಪ್ಪಲಿಲ್ಲ, ಅವರು ಸಂವಿಧಾನ ನ್ಯಾಯಾಲಯದವರೆಗೆ ಹೋದರು. 2008ರ ಡಿಸೆಂಬರ್ 5ರಂದು ನ್ಯಾಯಾಲಯ ಅವರ ಪರ ನಿಂತಿತು. ಹೆಸರಿಡೋದು ತಂದೆತಾಯಿಯ ಹಕ್ಕು, ಮಗುವಿನ ಹಿತಕ್ಕೆ ಧಕ್ಕೆ ಬರುವಂತಿದ್ದರೆ ಮಾತ್ರ ಸರ್ಕಾರ ತಡೆಯಬಹುದು ಅಂತ ಹೇಳಿತು. ನಿಮ್ಮ ಮಗಳಂತೂ ಇಲ್ಲಿ ಹುಟ್ಟಿ, ಇಲ್ಲಿ ಹೆಸರು ಪಡೆದು, ಇಲ್ಲಿನ ಪಾಸ್‌ಪೋರ್ಟ್ ಹಿಡಿದು ಹೋಗುವವಳು.

ಅಲ್ಲಿ ನಿಜವಾಗಿ ತೊಡಕಾಗೋದು ಮನೆತನದ ಹೆಸರಿನ ಕಾಲಂ. ನಮ್ಮಲ್ಲಿ ಬರೀ ಇನಿಷಿಯಲ್ ಹಾಕಿ ಬಿಡುತ್ತೇವೆ. ಹೊರದೇಶದ ಕಚೇರಿಗಳಿಗೆ ಅದು ಅರ್ಥವಾಗಲ್ಲ, ಆದ್ದರಿಂದ ಇನಿಷಿಯಲ್ ಬಿಡಿಸಿ ಪೂರ್ತಿ ಬರೆಸಿ. ಗೌರಿ ಲಂಕೇಶ್ ಹೆಸರಲ್ಲಿ ಇದ್ದ ಹಾಗೆ ಅಪ್ಪನ ಹೆಸರನ್ನೇ ಹಿಂದೆ ಹಾಕೋದು ನಮ್ಮ ಕಡೆ ಸಾಮಾನ್ಯ. ಆದರೆ ಮುಂದೆಯೂ ಗಂಡು ಹೆಸರು, ಹಿಂದೆಯೂ ಗಂಡು ಹೆಸರು ಬಂದರೆ ಕಾಗದದಲ್ಲಿ ಅವಳು ಪೂರ್ತಿ ಗಂಡಸಾಗಿಬಿಡುತ್ತಾಳೆ. ಮನೆತನದ ಹೆಸರೋ ಊರಿನ ಹೆಸರೋ ಇದ್ದರೆ ಅದನ್ನೇ ಹಿಂದೆ ಹಾಕಿ. ಇಲ್ಲದಿದ್ದರೆ ನಡುವೆ ನಿಮ್ಮ ಹೆಸರು ಸೇರಿಸಿ. ಅಮ್ಮನ ಜೊತೆ ಮಾತಾಡಿದ ಮೇಲೆ ಪೂರ್ತಿ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದುಕೊಂಡು ಪಾಲಿಕೆಗೋ ನೋಂದಣಿಯಾದ ಆಸ್ಪತ್ರೆಗೋ ಹೋಗಿ ಸೇರಿಸಿ, ಆ ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಆಧಾರ್ ಮತ್ತು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ.